ಬ್ಲೋವರ್ ತಿರುಗಿದರೂ ಗಾಜು ತಿಳಿಯಾಗದಿದ್ದರೆ

ಘಟ್ಟದ ಮಳೆಯಲ್ಲಿ ಕಾರಿನ ಮುಂದಿನ ಗಾಜು ಒಳಗಿನಿಂದ ಮಸುಕಾಗುವುದಕ್ಕೆ ಮುಖ್ಯ ಕಾರಣ ಒಳಗೆ ಕೂತವರೇ. ಸುಮ್ಮನೆ ಕೂತ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ನಾಲ್ಕು ಜನ, ಒದ್ದೆ ಕೊಡೆ, ನೆನೆದ ಚಪ್ಪಲಿ, ಕಾಲಡಿಯ ಹಸಿ ಮ್ಯಾಟು ಎಲ್ಲ ಸೇರಿದರೆ, ಕಿಟಕಿ ಏರಿಸಿದ ಕಾರಿನೊಳಗೆ ತೇವ ಬೇಗನೆ ತುಂಬಿಕೊಳ್ಳುತ್ತದೆ. ಮಳೆ ಬಡಿದು ತಣ್ಣಗಾದ ಗಾಜಿಗೆ ಈ ಗಾಳಿ ತಾಕಿದ ಕೂಡಲೇ ಆವಿ ಸಣ್ಣ ಸಣ್ಣ ಹನಿಗಳಾಗಿ ಅಂಟುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ತಿರುವಿನ ನಡುವೆ ಎದುರಿನ ಬಸ್ಸಿನ ದೀಪ ಆ ಹನಿಗಳಲ್ಲಿ ಚೆದುರಿದರೆ ರಸ್ತೆಯ ಅಂಚು ಎಲ್ಲಿದೆ ಎಂಬುದೇ ಚಾಲಕನಿಗೆ ತಿಳಿಯುವುದಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆಯಿಂದ ಗಾಜು ಒರೆಸುತ್ತ ಘಟ್ಟ ಇಳಿಯುವುದು ನಮ್ಮಲ್ಲಿ ಮಾಮೂಲಿಯಾಗಿಬಿಟ್ಟಿದೆ, ಆದರೆ ಅದು ಅಪಾಯದ ಕೆಲಸ. ಗಾಜಿಗೆ ಬಿಸಿಗಾಳಿ ಊದುವ ಡಿಫ್ರಾಸ್ಟರ್ ಬ್ರೇಕಿನಷ್ಟೇ ಸುರಕ್ಷತೆಗೆ ಸೇರಿದ ಭಾಗ. ಅಮೆರಿಕದಲ್ಲಿ 1968ರಿಂದಲೇ ಪ್ರಯಾಣಿಕರ ಕಾರುಗಳಲ್ಲಿ ಇದು ಕಾನೂನಿನ ಪ್ರಕಾರ ಇರಲೇಬೇಕು.

ಬಿಸಿಗಾಳಿ ಗಾಜನ್ನು ತಿಳಿಯಾಗಿಸುವುದು ಎರಡು ರೀತಿಯಲ್ಲಿ. ಒಂದು, ಗಾಜೇ ಬೆಚ್ಚಗಾಗುವುದರಿಂದ ಆವಿ ಅದರ ಮೇಲೆ ಕೂರುವುದಿಲ್ಲ. ಇನ್ನೊಂದು, ಕಾದ ಗಾಳಿ ನೀರನ್ನು ಹೀರಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. 40 ಡಿಗ್ರಿಗೆ ಕಾದರೆ 51 ಗ್ರಾಂ. ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದಾಗ ಎಳೆದುಕೊಂಡ ಪೂರ್ತಿ ತೇವದ ಗಾಳಿ ಕೂಡ ಹೀಟರ್ ದಾಟಿ ಬರುವಷ್ಟರಲ್ಲಿ ಒಣಗಾಳಿಯಂತೆಯೇ ಕೆಲಸ ಮಾಡುವುದು ಇದರಿಂದ. ಹೊರಗಿನ ಗಾಳಿ ಒಳಗೆ ಬಿಟ್ಟರೆ ಮಂಜು ಹೆಚ್ಚಾಗುತ್ತದೆ ಎಂದು ಬಹಳ ಮಂದಿ ನಂಬಿ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿಕೊಂಡಿರುತ್ತಾರೆ. ಆಗ ನಾಲ್ವರ ಉಸಿರು ಅಲ್ಲಲ್ಲೇ ತಿರುಗುತ್ತ ಗಾಜಿಗೆ ಮತ್ತೆ ಮತ್ತೆ ಬಡಿಯುತ್ತದೆ. ಕಾರಿನಲ್ಲಿ ಯಾವ ದೋಷವೂ ಇಲ್ಲದೆ ಗಾಜು ಮಸುಕಾಗುವುದಕ್ಕೆ ಈ ಒಂದು ಗುಂಡಿ ಸಾಕು.

ದೋಷ ಹುಡುಕಬೇಕಾದರೆ ಗಾಳಿಯ ದಾರಿ ತಿಳಿದಿರಬೇಕು. ಬಾನೆಟ್ಟಿನ ಹಿಂಬದಿ, ವೈಪರ್‌ಗಳ ಬುಡದಲ್ಲಿ ಜಾಲರಿಯಂಥ ಸೀಳುಗಳಿರುತ್ತವೆ. ಹೊರಗಿನ ಗಾಳಿ ಒಳಬರುವುದು ಅಲ್ಲಿಂದ. ಅದನ್ನು ಎಳೆದು ತಳ್ಳುವುದು ಬ್ಲೋವರ್, ಅಂದರೆ ಒಂದು ಮೋಟಾರು ಮತ್ತು ಅದರ ತುದಿಗೆ ಸಿಕ್ಕಿಸಿದ, ಸುತ್ತಲೂ ಸಣ್ಣ ಎಸಳುಗಳಿರುವ ಪ್ಲಾಸ್ಟಿಕ್ ಉರುಳೆ. ನಮ್ಮ ಬಲಗೈ ಸ್ಟೀರಿಂಗ್ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ ಕೂತಿರುತ್ತದೆ. ಅಲ್ಲಿಂದ ಗಾಳಿ, ಎಸಿ ಇದ್ದರೆ ಕೂಲಿಂಗ್ ಕಾಯಿಲ್ ಮೂಲಕ ಹಾಯ್ದು ಹೀಟರ್ ಕೋರ್‌ಗೆ ಬರುತ್ತದೆ. ಹೀಟರ್ ಕೋರ್ ಎಂದರೆ ಡ್ಯಾಶ್‌ಬೋರ್ಡಿನೊಳಗೆ ಅಡಗಿದ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೆ ಹರಿಯುತ್ತಿರುತ್ತದೆ. ಕೊನೆಗೆ ಕೆಲವು ಫ್ಲಾಪ್‌ಗಳು ಗಾಳಿಯನ್ನು ಗಾಜಿಗೆ, ಮುಖಕ್ಕೆ ಅಥವಾ ಕಾಲಿಗೆ ಹಂಚುತ್ತವೆ.

ದಾರಿ ಹೀಗಿರುವುದರಿಂದ ಕೇಳಬೇಕಾದ ಪ್ರಶ್ನೆಗಳೂ ಇದೇ ಸಾಲಿನಲ್ಲಿ ಬರುತ್ತವೆ. ಬ್ಲೋವರ್ ತಿರುಗುತ್ತಿದೆಯೇ? ತಿರುಗಿದರೆ ಗಾಳಿ ಸಾಕಷ್ಟು ಬರುತ್ತಿದೆಯೇ? ಬಂದ ಗಾಳಿ ಗಾಜಿಗೇ ಹೋಗುತ್ತಿದೆಯೇ? ಹೋದ ಗಾಳಿ ಬಿಸಿಯಾಗಿದೆಯೇ? ಇವನ್ನು ಒಂದರೊಳಗೊಂದು ಕಲಸಿಬಿಡುವುದರಿಂದಲೇ ಹಳೆಯ ಕಾರಿಗೆ ಬೇಡದ ಖರ್ಚು ಬೀಳುತ್ತದೆ. ‘ಹೀಟರ್ ಕೆಲಸ ಮಾಡ್ತಿಲ್ಲ’ ಎಂದು ಗ್ಯಾರೇಜಿನಲ್ಲಿ ಹೇಳಿದರೆ ಮೆಕ್ಯಾನಿಕ್ಕಿಗೆ ಏನೂ ಹೇಳಿದಂತಾಗಲಿಲ್ಲ. ‘ಗಾಳಿ ಜೋರಾಗಿದೆ, ಬಿಸಿಯಿಲ್ಲ’ ಎಂದರೆ ಅರ್ಧ ಕೆಲಸ ಮುಗಿದಂತೆ.

ಅದಕ್ಕೂ ಮೊದಲು ಮಂಜು ಗಾಜಿನ ಯಾವ ಮೈಮೇಲಿದೆ ಎಂದು ಬೆರಳಾಡಿಸಿ ನೋಡಬೇಕು. ಮಂಗಳೂರು, ಕಾರವಾರದ ಸೆಖೆಯಲ್ಲಿ ಎಸಿ ಗಾಳಿಯನ್ನು ನೇರ ಗಾಜಿಗೆ ಬಿಟ್ಟರೆ ಗಾಜು ತಣ್ಣಗಾಗಿ ಹೊರಮೈಯಲ್ಲೇ ಮಂಜು ಕೂರುತ್ತದೆ. ವೈಪರ್ ಒಮ್ಮೆ ಹಾಕಿ, ಎಸಿ ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿದರೆ ಅದು ಹೋಗುತ್ತದೆ. ಒಳಮೈಯಲ್ಲಿದ್ದರೆ ಮಾತ್ರ ಮುಂದಿನ ಹುಡುಕಾಟ.

ಬ್ಲೋವರ್ ಯಾವ ಸ್ಪೀಡಿಗೂ ಅಲ್ಲಾಡುತ್ತಿಲ್ಲವೆಂದರೆ ಮೊದಲು ಫ್ಯೂಸ್. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಹೊಸದು ಹಾಕಬೇಕು. ಅದೂ ಸುಟ್ಟರೆ ದೊಡ್ಡ ಫ್ಯೂಸ್ ಹಾಕುವ ಉಪಾಯ ಬೇಡವೇ ಬೇಡ, ವೈರಿಂಗಿಗೆ ಬೆಂಕಿ ಹತ್ತುವುದು ಹಾಗೆಯೇ. ಫ್ಯೂಸ್ ಸರಿಯಿದ್ದರೆ ಗ್ಲೋವ್ ಬಾಕ್ಸ್ ಇಳಿಸಿ, ಸ್ವಿಚ್ಚನ್ನು ಕೊನೆಯ ಸ್ಪೀಡಿಗಿಟ್ಟು, ಮೋಟಾರಿನ ಕನೆಕ್ಟರಿನಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ನೋಡಬಹುದು. ಲ್ಯಾಂಪ್ ಪೂರ್ತಿ ಉರಿದೂ ಮೋಟಾರು ಸುಮ್ಮನಿದ್ದರೆ ಅದರ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಬುಷ್ ಬಿಗಿದುಕೊಂಡಿದೆ. ಮೋಟಾರಿನ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಅದು ತಿರುಗತೊಡಗಿದರೆ ಬ್ರಷ್ ಕೊನೆಯುಸಿರಿನಲ್ಲಿದೆ ಎಂದೇ ಅರ್ಥ. ಲ್ಯಾಂಪ್ ಉರಿಯದಿದ್ದರೆ ತಪ್ಪು ಮೋಟಾರಿನದ್ದಲ್ಲ. ಸ್ವಿಚ್ಚು, ರಿಲೇ ಅಥವಾ ಅರ್ಥ್ ವೈರಿನ ಕಡೆಗೆ ಹೋಗಬೇಕು. ಹಳೆಯ ಕಾರುಗಳಲ್ಲಿ ಅರ್ಥ್ ವೈರು ಬಾಡಿಗೆ ಸೇರುವ ಜಾಗದಲ್ಲಿ ತುಕ್ಕು ಹಿಡಿದು ಕೈಕೊಡುವುದು ಬಹಳ. ಎಂಜಿನ್ ಓಡುತ್ತಿದ್ದು ಬ್ಲೋವರ್ ಪೂರ್ತಿ ಜೋರಿನಲ್ಲಿರುವಾಗ ಮೋಟಾರಿನ ನೆಗೆಟಿವ್ ತುದಿ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಮಲ್ಟಿಮೀಟರ್ ಇಟ್ಟರೆ ಹೆಚ್ಚೆಂದರೆ ವೋಲ್ಟಿನ ಒಂದೆರಡು ದಶಾಂಶ ಕಾಣಬೇಕು. ಒಂದು ವೋಲ್ಟ್ ಕಂಡರೆ ಅಷ್ಟು ವಿದ್ಯುತ್ತು ತುಕ್ಕಿನಲ್ಲೇ ಶಾಖವಾಗಿ ಹೋಗುತ್ತಿದೆ.

ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿ, ಒಂದು, ಎರಡು, ಮೂರರಲ್ಲಿ ಸತ್ತಂತಿದ್ದರೆ ಕಾರಣ ರೆಸಿಸ್ಟರ್. ಹಳೆಯ ಕಾರುಗಳಲ್ಲಿ ಮೋಟಾರಿನ ವೇಗ ತಗ್ಗಿಸಲು ವಿದ್ಯುತ್ತನ್ನು ಸುರುಳಿ ತಂತಿಗಳ ಮೂಲಕ ಹಾಯಿಸುತ್ತಾರೆ. ತಂತಿ ಉದ್ದವಾದಷ್ಟೂ ವೇಗ ಕಡಿಮೆ. ಕೊನೆಯ ಸ್ಪೀಡಿಗೆ ಮಾತ್ರ ವಿದ್ಯುತ್ತು ಈ ತಂತಿಗಳನ್ನು ಬಿಟ್ಟು ನೇರ ಹೋಗುವುದರಿಂದ ರೆಸಿಸ್ಟರ್ ಸುಟ್ಟರೂ ಅದೊಂದು ಉಳಿದುಕೊಳ್ಳುತ್ತದೆ. ಈ ಭಾಗ ಗಾಳಿಯ ದಾರಿಯಲ್ಲೇ ಕೂತಿರುತ್ತದೆ, ಯಾಕೆಂದರೆ ಕೆಂಪಗೆ ಕಾಯುವ ತಂತಿಯನ್ನು ತಣಿಸಲು ಬ್ಲೋವರಿನ ಗಾಳಿಯೇ ಬೇಕು. ಗಾಳಿ ಕಟ್ಟಿಕೊಂಡಾಗ ರೆಸಿಸ್ಟರ್ ಬೇಗ ಸುಡುವುದೂ ಇದಕ್ಕೇ.

ಎರಡು ಸ್ಕ್ರೂ ಬಿಚ್ಚಿದರೆ ರೆಸಿಸ್ಟರ್ ಕೈಗೆ ಬರುತ್ತದೆ. ತಂತಿ ಎಲ್ಲಿ ತುಂಡಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಅದಕ್ಕಿಂತ ಹೆಚ್ಚಿನ ಸುದ್ದಿ ಇರುವುದು ಅದರಿಂದ ಎಳೆದು ತೆಗೆದ ಕನೆಕ್ಟರಿನಲ್ಲಿ. ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದಾಗಿ, ಅಂಚು ಕರಗಿ ಜಗ್ಗಿದ್ದರೆ, ವೈರಿನ ಹೊದಿಕೆ ಗಟ್ಟಿಯಾಗಿ ಬಾಗಿಸಿದಾಗ ಬಿರಿಯುತ್ತಿದ್ದರೆ, ಅಲ್ಲಿ ಬಹಳ ಕಾಲದಿಂದ ಅಗತ್ಯಕ್ಕಿಂತ ಹೆಚ್ಚು ವಿದ್ಯುತ್ತು ಹರಿದಿರಬಹುದು. ಬುಷ್‌ನ ಎಣ್ಣೆ ಒಣಗಿ ಬಿಗಿಯಾಗಿ ತಿರುಗುವ ಮೋಟಾರು ಹೆಚ್ಚು ವಿದ್ಯುತ್ತು ಎಳೆಯುತ್ತದೆ. ಆ ಭಾರ ಬೀಳುವುದು ರೆಸಿಸ್ಟರಿನ ಮೇಲೆ, ಕನೆಕ್ಟರಿನ ಮೇಲೆ. ಇಂಥ ಕಾರಿಗೆ ಹೊಸ ರೆಸಿಸ್ಟರ್ ಮಾತ್ರ ಹಾಕಿ ಕಳಿಸಿದರೆ ಸ್ವಲ್ಪ ದಿನದಲ್ಲೇ ಅದೂ ಸುಡುತ್ತದೆ. ಆದ್ದರಿಂದ ಮೋಟಾರಿನ ಉರುಳೆಯನ್ನು ಬೆರಳಿನಿಂದ ತಿರುಗಿಸಿ ನೋಡಬೇಕು: ಬಿಟ್ಟ ಮೇಲೂ ಅದು ಒಂದೆರಡು ಸುತ್ತು ತಾನೇ ತಿರುಗಬೇಕು, ಕಿರ್ರ್ ಎಂದು ತಕ್ಷಣ ನಿಲ್ಲಬಾರದು. ಎಷ್ಟು ವಿದ್ಯುತ್ತು ಎಳೆಯುತ್ತಿದೆ ಎಂದು ಅಳೆಯಲು ಡಿಸಿ ಅಳೆಯಬಲ್ಲ ಕ್ಲ್ಯಾಂಪ್ ಮೀಟರ್ ಬೇಕು. ಸಾಮಾನ್ಯ ಮಲ್ಟಿಮೀಟರಿನ ಮಿತಿ 10 ಆಂಪಿಯರ್. ಬ್ಲೋವರ್ ಅದನ್ನು ಸುಲಭವಾಗಿ ದಾಟುತ್ತದೆ, ಮೀಟರಿನ ಫ್ಯೂಸ್ ಹೋಗುತ್ತದೆ. ಕರಗಿದ ಕನೆಕ್ಟರನ್ನು ಹಾಗೆಯೇ ಒತ್ತಿ ಸಿಕ್ಕಿಸುವುದೂ ತಪ್ಪು. ಆ ತುಂಡನ್ನು ಕತ್ತರಿಸಿ, ಅದೇ ದಪ್ಪದ ವೈರಿನೊಂದಿಗೆ ಹೊಸ ಕನೆಕ್ಟರ್ ಕೂರಿಸಬೇಕು.

ಬ್ಲೋವರಿನ ಸದ್ದು ಜೋರಾಗಿದ್ದೂ ಗಾಳಿ ತೀರಾ ಕಡಿಮೆಯಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ನಮ್ಮ ಕಡೆಯ ಹಳೆಯ ಕಾರುಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಇದನ್ನೇ, ಯಾಕೆಂದರೆ ಕಾರುಗಳು ನಿಲ್ಲುವುದು ಮರದ ನೆರಳಿನಲ್ಲಿ. ಹುಣಸೆ, ಗುಲ್‌ಮೊಹರಿನ ಪುಡಿ ಎಲೆಗಳು ವೈಪರ್ ಬುಡದ ಸೀಳಿನಿಂದ ಸಲೀಸಾಗಿ ಒಳಗಿಳಿಯುತ್ತವೆ. ಮಳೆಗೆ ಕೊಳೆತು, ಧೂಳಿನೊಂದಿಗೆ ಸೇರಿ ಕಂಬಳಿಯಂಥ ಪದರವಾಗುತ್ತವೆ. ಹಳ್ಳಿಯ ಮನೆಯ ಅಂಗಳದಲ್ಲಿ ವಾರಗಟ್ಟಲೆ ನಿಂತ ಕಾರಾದರೆ ಇಲಿ ಗೂಡು ಕಟ್ಟಿರುತ್ತದೆ: ಸೀಟಿನ ಸ್ಪಂಜು, ಹರಿದ ಬಟ್ಟೆ, ಭತ್ತದ ಹೊಟ್ಟು ಎಲ್ಲ ಉರುಳೆಯೊಳಗೇ ಸಿಗುತ್ತವೆ. ಬ್ಲೋವರ್ ಹಾಕಿದಾಗ ಟಕಟಕ ಸದ್ದು, ಕಮಟು ವಾಸನೆ ಬಂದರೆ ಇದೇ ಗುರುತು. ಇಲಿಯ ಹಿಕ್ಕೆ ಕಂಡರೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಸೋಂಕುನಾಶಕ ಚಿಮುಕಿಸಿ ಒದ್ದೆ ಮಾಡಿಯೇ ತೆಗೆಯಬೇಕು. ಒಣಗಿದ್ದನ್ನು ಕಂಪ್ರೆಸರ್ ಗಾಳಿಯಿಂದ ಊದಬಾರದು, ಅದರ ಧೂಳು ಉಸಿರಿಗೆ ಸೇರಿದರೆ ಕಾಯಿಲೆ ಬರಬಹುದು.

ಇದನ್ನು ಪರೀಕ್ಷಿಸಲು ದೊಡ್ಡ ಸಲಕರಣೆ ಬೇಡ. ಕಾರು ನಿಲ್ಲಿಸಿ, ಹೊರಗಾಳಿ ತೆರೆದು, ಬ್ಲೋವರ್ ಪೂರ್ತಿ ಹಾಕಿ, ವೈಪರ್ ಬುಡದ ಸೀಳಿನ ಬಳಿ ಹೊತ್ತಿಸಿದ ಊದಿನಕಡ್ಡಿ ಹಿಡಿದರೆ ಹೊಗೆ ಒಳಕ್ಕೆ ಹೋಗಬೇಕು. ಹೊಗೆ ನೆಟ್ಟಗೆ ಮೇಲೇರಿದರೆ ಬಾಗಿಲು ಅಲ್ಲೇ ಮುಚ್ಚಿದೆ: ಎಲೆ ಕಟ್ಟಿಕೊಂಡಿದೆ ಅಥವಾ ಹೊರಗಾಳಿಯ ಫ್ಲಾಪ್ ತೆರೆಯುತ್ತಿಲ್ಲ. ಒಳಗಾಳಿಗೆ ಬದಲಿಸಿದಾಗ ಗಾಳಿ ಒಮ್ಮೆಲೇ ಜೋರಾದರೆ ಈ ಅನುಮಾನ ಖಚಿತವಾಯಿತು. ಎರಡರಲ್ಲೂ ಗಾಳಿ ಕಡಿಮೆಯೇ ಇದ್ದರೆ ತಡೆ ಎರಡೂ ಗಾಳಿ ಹಾಯುವ ದಾರಿಯಲ್ಲೇ ಇದೆ: ಕ್ಯಾಬಿನ್ ಫಿಲ್ಟರ್ ಇರುವ ಕಾರಾದರೆ ಅದು, ಇಲ್ಲದಿದ್ದರೆ ಕೂಲಿಂಗ್ ಕಾಯಿಲ್. ಫಿಲ್ಟರ್ ಇಲ್ಲದ ಹಳೆಯ ಎಸಿ ಕಾರುಗಳಲ್ಲಿ ರಸ್ತೆಯ ಧೂಳೆಲ್ಲ ಒದ್ದೆಯಾದ ಕಾಯಿಲಿನ ಸಣ್ಣ ರೆಕ್ಕೆಗಳಿಗೆ ಅಂಟಿ ಕೆಸರಿನ ಗೋಡೆಯಾಗಿರುತ್ತದೆ. ಅದನ್ನು ಬಿಚ್ಚಿ ತೊಳೆಯದೆ ಗಾಳಿ ಬರುವುದಿಲ್ಲ. ಬಿಚ್ಚುವ ಮೊದಲು ಎಸಿ ಗ್ಯಾಸ್ ತೆಗೆಸಬೇಕಾದ್ದರಿಂದ ಅದು ಎಸಿ ಮೆಕ್ಯಾನಿಕ್ಕಿನ ಕೆಲಸ.

ಮೋಟಾರು ಬದಲಾಯಿಸಿದ ಮೇಲೆಯೇ ಗಾಳಿ ಕಡಿಮೆಯಾಯಿತು ಎಂಬ ದೂರು ಬಂದರೆ ಅದರ ಎರಡು ವೈರುಗಳು ತಿರುಗುಮುರುಗಾಗಿವೆಯೇ ನೋಡಬೇಕು. ಡಿಸಿ ಮೋಟಾರು ಹಿಮ್ಮುಖ ಸುತ್ತುತ್ತದೆ. ಆದರೆ ಈ ಜಾತಿಯ ಉರುಳೆ ಹಿಮ್ಮುಖವಾಗಿ ಸುತ್ತಿದರೂ ಗಾಳಿಯನ್ನು ಅದೇ ದಿಕ್ಕಿಗೆ, ತೀರಾ ಬಲಹೀನವಾಗಿ, ತಳ್ಳುತ್ತದೆ. ಹೀಗಾಗಿ ತಪ್ಪು ಹೊಳೆಯುವುದೇ ಇಲ್ಲ.

ಮೂರನೇ ಪ್ರಶ್ನೆ ದಿಕ್ಕಿನದು. ಲಿವರನ್ನು ಗಾಜಿನ ಗುರುತಿಗೆ ತಂದರೂ ಗಾಳಿ ಕಾಲಿಗೆ ಬರುತ್ತಿದ್ದರೆ ಫ್ಲಾಪ್ ಮಾತು ಕೇಳುತ್ತಿಲ್ಲ. ಮಾರುತಿ 800ರಂಥ ಸರಳ ಕಾರುಗಳಲ್ಲಿ ಲಿವರಿನಿಂದ ಫ್ಲಾಪಿಗೆ ಉಕ್ಕಿನ ಕೇಬಲ್ ಹೋಗುತ್ತದೆ. ಲಿವರ್ ಎಳೆದಾಗ ಏನೂ ಬಿಗಿಯಿಲ್ಲದೆ ಸಡಿಲವಾಗಿ ಬಂದರೆ ಕೇಬಲ್ ತುಂಡಾಗಿದೆ ಅಥವಾ ಅದರ ಹೊರಕವಚ ಹಿಡಿದ ಕ್ಲಿಪ್ ಕಳಚಿದೆ. ಬಹುತೇಕ ಕ್ಲಿಪ್ಪೇ ಆಗಿರುತ್ತದೆ. ಬಲವಂತದಿಂದ ಎಳೆಯಬೇಕಾದರೆ ಕೇಬಲ್ ತುಕ್ಕು ಹಿಡಿದಿದೆ ಇಲ್ಲವೇ ಫ್ಲಾಪಿನ ಅಚ್ಚು ಕಚ್ಚಿಕೊಂಡಿದೆ. ಆಗ ಇನ್ನಷ್ಟು ಜೋರು ಮಾಡಿದರೆ ಹಳೆಯ ಪ್ಲಾಸ್ಟಿಕ್ ಮುರಿಯುತ್ತದೆ, ಐದು ನಿಮಿಷದ ಕೆಲಸ ಡ್ಯಾಶ್‌ಬೋರ್ಡ್ ಬಿಚ್ಚುವಲ್ಲಿಗೆ ಮುಟ್ಟುತ್ತದೆ. ಒಬ್ಬರು ಲಿವರ್ ಆಡಿಸುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ ಕೇಬಲ್ಲಿನ ತುದಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದು ತಿಳಿಯುತ್ತದೆ.

ಫ್ಲಾಪ್ ತಿರುಗಿಯೂ ಗಾಳಿ ಸೋರುವುದುಂಟು. ಫ್ಲಾಪಿನ ಅಂಚಿಗೆ ಅಂಟಿಸಿದ ಫೋಮ್ ವರ್ಷಗಳ ಶಾಖಕ್ಕೆ ಪುಡಿಯಾಗುತ್ತದೆ. ಗಾಳಿಯ ಕಿಂಡಿಯಿಂದ ಕಪ್ಪು ಕಪ್ಪು ಚೂರುಗಳು ಹಾರಿಬಂದು ಡ್ಯಾಶ್‌ಬೋರ್ಡಿನ ಮೇಲೆ ಬಿದ್ದಿದ್ದರೆ ಅವು ಈ ಫೋಮಿನವೇ. ಫೋಮ್ ಹೋದ ಫ್ಲಾಪ್ ಪೂರ್ತಿ ಮುಚ್ಚಿದಾಗಲೂ ಗಾಳಿ ಪಕ್ಕದಿಂದ ನುಸುಳಿ ಗಾಜಿಗೆ ತಲುಪುವ ಪಾಲು ಕಡಿಮೆಯಾಗುತ್ತದೆ. ಹೊಸ ಫೋಮ್ ಪಟ್ಟಿ ಅಂಟಿಸಿದರೆ ಸಾಕು, ಆದರೆ ಅಲ್ಲಿಗೆ ಕೈ ತಲುಪಿಸುವುದೇ ದೊಡ್ಡ ಕೆಲಸ. ಬೇರೆ ಕಾರಣಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಇದನ್ನೂ ಮುಗಿಸಿಕೊಳ್ಳುವುದು ಜಾಣತನ.

ಅಮೆರಿಕದ ಬಹಳಷ್ಟು ಹಳೆಯ ಕಾರುಗಳಲ್ಲಿ ಫ್ಲಾಪ್ ತಿರುಗಿಸುವುದು ಕೇಬಲ್ಲಲ್ಲ, ಎಂಜಿನ್ನಿನ ಹೀರುಬಲ, ಅಂದರೆ ವ್ಯಾಕ್ಯೂಮ್. ಅಲ್ಲಿನ ಕನ್ನಡಿಗರು ಸೆಕೆಂಡ್ ಹ್ಯಾಂಡ್ ಕೊಂಡ ಕಾರುಗಳಲ್ಲಿ ಈ ಲಕ್ಷಣ ಎದುರಾಗಬಹುದು: ಸಮತಟ್ಟಿನಲ್ಲಿ ಮುಖಕ್ಕೆ ಬರುತ್ತಿದ್ದ ಗಾಳಿ, ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಜಿನ ಕಡೆಗೆ ತಿರುಗಿಬಿಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ವ್ಯಾಕ್ಯೂಮ್ ಕುಸಿಯುತ್ತದೆ. ಅದನ್ನು ಹಿಡಿದಿಡಬೇಕಾದ ಡಬ್ಬಿ, ಒಮ್ಮುಖ ವಾಲ್ವ್ ಅಥವಾ ಬಿರಿದ ರಬ್ಬರ್ ನಳಿಕೆ ಸೋರುತ್ತಿದ್ದರೆ ಫ್ಲಾಪ್ ಸ್ಪ್ರಿಂಗಿನ ಬಲಕ್ಕೆ ಹಿಂದೆ ಸರಿಯುತ್ತದೆ. ಹಿಂದೆ ಸರಿದಾಗ ಗಾಳಿ ಗಾಜಿಗೇ ಹೋಗುವಂತೆ ಜೋಡಿಸಿರುವುದು ಬೇಕೆಂದೇ. ಏನೇ ಕೆಟ್ಟರೂ ಚಾಲಕನ ನೋಟ ಉಳಿಯಲಿ ಎಂಬ ವಿನ್ಯಾಸಕಾರರ ಈ ಎಚ್ಚರ ಮೆಚ್ಚಬೇಕಾದ್ದು.

ಗಾಳಿ ಜೋರಾಗಿ ಗಾಜಿಗೇ ಬಂದೂ ಬಿಸಿಯಿಲ್ಲದಿದ್ದರೆ ಬಾನೆಟ್ ಎತ್ತಬೇಕು. ಎಂಜಿನ್ ಕಾದ ಮೇಲೆ, ಹೀಟರ್ ಲಿವರ್ ಪೂರ್ತಿ ಬಿಸಿಗಿಟ್ಟು, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನೊಳಗೆ ಹೋಗುವ ಎರಡು ಸಣ್ಣ ರಬ್ಬರ್ ಹೋಸ್‌ಗಳನ್ನು ಹುಷಾರಾಗಿ ಮುಟ್ಟಿ ನೋಡಬೇಕು. ಸಡಿಲ ತೋಳು, ದುಪಟ್ಟಾ ಫ್ಯಾನಿಗೆ ಸಿಗದಂತೆ ಎಚ್ಚರ ಇರಲಿ. ಎರಡೂ ಕೈ ಇಡಲಾಗದಷ್ಟು ಬಿಸಿಯಿದ್ದರೆ ಕೋರ್ ಸರಿಯಿದೆ, ಬಿಸಿ ತಣ್ಣನೆಯ ಗಾಳಿ ಬೆರೆಸುವ ಫ್ಲಾಪ್ ತೆರೆಯುತ್ತಿಲ್ಲ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕೋರಿಗೆ ಕೂಲೆಂಟ್ ಬಿಡುವ ವಾಲ್ವ್ ಮುಚ್ಚಿದೆ ಅಥವಾ ಕೋರ್ ಕಟ್ಟಿಕೊಂಡಿದೆ. ಎರಡೂ ಉಗುರುಬೆಚ್ಚಗಿದ್ದರೆ ಕೂಲೆಂಟ್ ಕಡಿಮೆಯಾಗಿದೆ, ಗಾಳಿ ಸಿಕ್ಕಿಕೊಂಡಿದೆ, ಇಲ್ಲವೇ ಎಂಜಿನ್ನೇ ಕಾಯುತ್ತಿಲ್ಲ.

ಈ ಕೊನೆಯ ಸ್ಥಿತಿಗೆ ನಮ್ಮಲ್ಲಿ ಒಂದು ವಿಶೇಷ ಕಾರಣವಿದೆ. ಎಂಜಿನ್ ಓವರ್‌ಹೀಟ್ ಆದಾಗ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತೆಸೆಯುವ ರೂಢಿ ಗ್ಯಾರೇಜುಗಳಲ್ಲಿ ಹಳೆಯದು. ಕೂಲೆಂಟ್ 80ರಿಂದ 90 ಡಿಗ್ರಿಗೆ ಬರುವವರೆಗೆ ರೇಡಿಯೇಟರಿಗೆ ಹೋಗದಂತೆ ತಡೆಯುವುದು ಆ ವಾಲ್ವಿನ ಕೆಲಸ. ಅದಿಲ್ಲದ ಕಾರು ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಎಷ್ಟು ದೂರ ಓಡಿದರೂ ಸರಿಯಾಗಿ ಕಾಯುವುದಿಲ್ಲ. ಹೀಟರೂ ಇಲ್ಲ, ಪೆಟ್ರೋಲ್ ಖರ್ಚೂ ಹೆಚ್ಚು, ಎಂಜಿನ್ ಸವೆತವೂ ಹೆಚ್ಚು. ಟೆಂಪರೇಚರ್ ಮುಳ್ಳು ಯಾವಾಗಲೂ ಕೆಳಗೇ ಇದ್ದರೆ ಹೊಸ ಥರ್ಮೋಸ್ಟಾಟ್ ಹಾಕಿಸುವುದೇ ಸರಿ. ಇನ್ನೊಂದು ರೂಢಿ, ಹೀಟರ್ ಕೋರ್ ಸೋರಿದಾಗ ಎರಡು ಹೋಸ್‌ಗಳನ್ನು ಬಾನೆಟ್ಟಿನಡಿಯಲ್ಲೇ ಒಂದಕ್ಕೊಂದು ಸೇರಿಸಿ ಬೈಪಾಸ್ ಮಾಡಿಬಿಡುವುದು. ಬಯಲುಸೀಮೆಯಲ್ಲಿ ಮಾಲೀಕರಿಗೆ ಇದು ಗೊತ್ತೇ ಆಗುವುದಿಲ್ಲ. ಆ ಕಾರು ಕೊಂಡವರು ಮಳೆಗಾಲದಲ್ಲಿ ಘಟ್ಟ ಹತ್ತಿದಾಗ ತಿಳಿಯುತ್ತದೆ.

ಕೋರ್ ಕಟ್ಟಿಕೊಳ್ಳುವುದಕ್ಕೆ ದೊಡ್ಡ ಕಾರಣ ಬೋರ್‌ವೆಲ್ ನೀರು. ಕೂಲೆಂಟ್ ಬದಲು ಗಡಸು ನೀರು ತುಂಬುತ್ತ ಬಂದರೆ ಅದರ ಸುಣ್ಣ, ಎಂಜಿನ್ನಿನ ತುಕ್ಕು ಸೇರಿ ಕೋರಿನ ಸಪೂರ ಕೊಳವೆಗಳಲ್ಲಿ ಗಟ್ಟಿಯಾಗುತ್ತದೆ. ಎಂಜಿನ್ ತಣ್ಣಗಾದ ಮೇಲೆ ಎರಡೂ ಹೋಸ್ ಬಿಚ್ಚಿ, ನೀರು ಹೊರಬರುವ ಬಾಯಿಯಿಂದ ಕಡಿಮೆ ಒತ್ತಡದಲ್ಲಿ ಹಿಮ್ಮುಖವಾಗಿ ನೀರು ಬಿಟ್ಟರೆ ಕೆಂಪು ಕೆಸರು ಇಳಿಯುತ್ತದೆ. ತಿಳಿನೀರು ಬರುವವರೆಗೆ ತೊಳೆದು, ತಯಾರಕರು ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ತುಂಬಬೇಕು. ಆಮೇಲೆ ಸಿಕ್ಕಿಕೊಂಡ ಗಾಳಿ ಬಿಡಿಸದಿದ್ದರೆ ಬಿಸಿ ಬರುವುದಿಲ್ಲ. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮಾತ್ರ ಎಂದಿಗೂ ತೆಗೆಯಬಾರದು. ಓಡುತ್ತಿರುವಾಗ ಟೆಂಪರೇಚರ್ ಮುಳ್ಳು ಮೇಲೇರಿ, ಅದೇ ಹೊತ್ತಿಗೆ ಹೀಟರ್ ಗಾಳಿ ತಣ್ಣಗಾದರೆ ಕೂಲೆಂಟ್ ಖಾಲಿಯಾಗಿದೆ ಎಂದು ತಿಳಿದು ಕಾರನ್ನು ತಕ್ಷಣ ಬದಿಗೆ ನಿಲ್ಲಿಸಬೇಕು.

ಗಾಜು ಒರೆಸಿದಷ್ಟೂ ಜಿಡ್ಡು ಜಿಡ್ಡಾಗಿ, ಕಾರಿನೊಳಗೆ ಸಿಹಿ ವಾಸನೆ ಬರುತ್ತಿದ್ದರೆ ಕೋರ್ ಸೋರುತ್ತಿದೆ. ಎಡಗಡೆಯ ಮ್ಯಾಟಿನಡಿ ಬೆರಳು ಒತ್ತಿ ನೋಡಬೇಕು: ಬರೀ ನೀರಾದರೆ ಎಸಿ ನೀರು ಇಳಿಯುವ ಪೈಪು ಕಟ್ಟಿರಬಹುದು ಅಥವಾ ಮಳೆನೀರು ಇಳಿದಿರಬಹುದು, ಅಂಟು ಅಂಟಾದ ಬಣ್ಣದ ದ್ರವವಾದರೆ ಕೂಲೆಂಟ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಕ್ಕುತ್ತವೆ. ನೆಲಕ್ಕೆ ಚೆಲ್ಲಿದ್ದನ್ನು ಹಾಗೇ ಬಿಡಬಾರದು. ಒದ್ದೆ ಕಾರ್ಪೆಟ್ಟು ಯಾವ ಕಾರಣದ್ದೇ ಆಗಲಿ, ಅದು ಒಣಗುವವರೆಗೆ ಗಾಜು ಮಸುಕಾಗುತ್ತಲೇ ಇರುತ್ತದೆ.

ಹೀಟರ್ ಜೋಡಿಸದೆಯೇ ರಸ್ತೆಗಿಳಿದ ಹಳೆಯ ಕಾರುಗಳೂ ನಮ್ಮಲ್ಲಿವೆ. ಅವುಗಳಲ್ಲಿ ಗಾಜಿನ ಒಳಮೈಯ ಜಿಡ್ಡು ಚೆನ್ನಾಗಿ ತೊಳೆದು, ಎರಡೂ ಬದಿಯ ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ ಓಡಿಸುವುದು ಉಳಿದ ದಾರಿ. ಎಸಿ ಇದ್ದರೆ ಅದನ್ನು ಹಾಕಿದಾಗ ಗಾಳಿಯ ನೀರು ಕೂಲಿಂಗ್ ಕಾಯಿಲಿನ ಮೇಲೆ ಇಳಿದುಹೋಗುವುದರಿಂದ ಗಾಜು ಬೇಗ ತಿಳಿಯಾಗುತ್ತದೆ. ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಲು ಬರುವ ಕಾರಿನಲ್ಲಿ ಘಟ್ಟದ ಮಳೆಗೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.